ಕುತಂತ್ರಾಂಶದ ಆ್ಯಪ್ ಅಳಿಸಿದರೂ ಫೋನ್ ಸರಿಹೋಗಿಲ್ಲವೇ? ದೋಷ ಪತ್ತೆ ಮತ್ತು ನಿವಾರಣೆಯ ಕೈಪಿಡಿ

ಈ ಕೈಪಿಡಿ ಮೂರು ಬಗೆಯ ದೂರುಗಳಿಗೆ. ಒಂದು: ‘ಹಾನಿಕಾರಕ ಆ್ಯಪ್ ತೆಗೆದುಹಾಕಲಾಗಿದೆ’ ಎಂಬ ಸೂಚನೆ ಬಂದಿದೆ, ಮುಂದೇನು ಮಾಡಬೇಕೋ ತಿಳಿಯುತ್ತಿಲ್ಲ. ಎರಡು: ಸಂಶಯದ ಆ್ಯಪ್ ಫೋನಿನಲ್ಲೇ ಇದೆ, ಅನ್‌ಇನ್‌ಸ್ಟಾಲ್ ಆಗುತ್ತಿಲ್ಲ, ಇಲ್ಲವೇ ಅದರ ಐಕಾನೇ ಕಾಣುತ್ತಿಲ್ಲ. ಮೂರು: ಅಳಿಸಿದ್ದೂ ಆಯಿತು, ಆದರೂ ಒಟಿಪಿ ಸೋರುತ್ತಿದೆ, ನಿಮ್ಮ ಹೆಸರಿನಲ್ಲಿ ವಾಟ್ಸ್‌ಆ್ಯಪ್ ಗುಂಪುಗಳಿಗೆ ಯಾವುದೋ ಫೈಲ್ ಹೋಗುತ್ತಿದೆ.

ಮೂರರಲ್ಲೂ ಎರಡು ಪ್ರಶ್ನೆಗಳನ್ನು ಬೇರೆ ಬೇರೆ ಇಟ್ಟುಕೊಳ್ಳಬೇಕು. ಆ್ಯಪ್ ಹೋಯಿತೇ ಎಂಬುದು ಒಂದು. ಇದ್ದಷ್ಟು ಹೊತ್ತು ಅದು ಏನೇನು ಮಾಡಿತು ಎಂಬುದು ಇನ್ನೊಂದು. ಗೂಗಲ್ ದೂರದಿಂದ ಅಳಿಸಲಿ, ನೀವೇ ಕೈಯಾರೆ ಅಳಿಸಿ, ಉತ್ತರ ಸಿಗುವುದು ಮೊದಲನೆಯದಕ್ಕೆ ಮಾತ್ರ.

ಇಲ್ಲಿನ ಹಂತಗಳು ಆಂಡ್ರಾಯ್ಡ್ ಫೋನಿಗೆ. ಮೆನು ಹೆಸರುಗಳು ಕಂಪನಿಯಿಂದ ಕಂಪನಿಗೆ ಸ್ವಲ್ಪ ಬದಲಾಗುತ್ತವೆ. ಸಿಗದಿದ್ದರೆ ಸೆಟ್ಟಿಂಗ್ಸ್‌ನ ಮೇಲಿರುವ ಹುಡುಕು ಪೆಟ್ಟಿಗೆಯಲ್ಲಿ ಅದೇ ಹೆಸರು ಟೈಪ್ ಮಾಡಿ.

ಹಣ ಹೋಗುತ್ತಿದ್ದರೆ ಮೊದಲು ಇದು

ಪರೀಕ್ಷೆಯನ್ನೆಲ್ಲ ಆಮೇಲೆ ಮಾಡಬಹುದು. ಮೊದಲು ಮೊಬೈಲ್ ಡೇಟಾ ಮತ್ತು ವೈಫೈ ಎರಡನ್ನೂ ಆಫ್ ಮಾಡಿ. ಏರ್‌ಪ್ಲೇನ್ ಮೋಡ್ ಒತ್ತಿದ ಮಾತ್ರಕ್ಕೆ ಸಾಲದು, ಹಲವು ಫೋನುಗಳಲ್ಲಿ ವೈಫೈ ಹಾಗೆಯೇ ಉಳಿಯುತ್ತದೆ. ಆಮೇಲೆ ಸಿಮ್ ತೆಗೆದು ಮನೆಯಲ್ಲಿರುವ ಸಾದಾ ಕೀಪ್ಯಾಡ್ ಫೋನಿಗೆ ಹಾಕಿ. ಇದರಿಂದ ಬ್ಯಾಂಕಿನ ಒಟಿಪಿ ಆ ಆ್ಯಪಿನ ಕಣ್ಣಿಗೆ ಬೀಳುವುದು ತಪ್ಪುತ್ತದೆ, ಅದೇ ನಂಬರಿನಿಂದ ಬ್ಯಾಂಕಿಗೂ ಸಹಾಯವಾಣಿಗೂ ಕರೆ ಮಾಡಲು ಆಗುತ್ತದೆ.

ಬ್ಯಾಂಕಿಗೆ ಕರೆ ಮಾಡಿ ಯುಪಿಐ, ನೆಟ್‌ಬ್ಯಾಂಕಿಂಗ್, ಕಾರ್ಡ್ ಮೂರನ್ನೂ ತಡೆಹಿಡಿಸಿ. ಕೂಡಲೇ ರಾಷ್ಟ್ರೀಯ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಕೇಳುವ ವಿವರಗಳನ್ನು ಮೊದಲೇ ಬರೆದಿಟ್ಟುಕೊಳ್ಳಿ: ಖಾತೆ ಸಂಖ್ಯೆ, ಹಣ ಹೋದ ದಿನ ಮತ್ತು ಸಮಯ, ಮೊತ್ತ, ವಹಿವಾಟಿನ ಉಲ್ಲೇಖ ಸಂಖ್ಯೆ (ಯುಪಿಐನಲ್ಲಿ ಅದು 12 ಅಂಕಿಯದು). ಇಲ್ಲಿ ಆತುರಕ್ಕೆ ಅರ್ಥವಿದೆ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುತ್ತಾ ಹೋಗುತ್ತದೆ, ಅದು ಯಾವುದಾದರೂ ಖಾತೆಯಲ್ಲಿ ಇರುವಾಗಲೇ ತಡೆದರೆ ಮಾತ್ರ ವಾಪಸ್ ಸಿಗುವ ದಾರಿ ಉಳಿಯುತ್ತದೆ. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯ ಪ್ರಕಾರ, ನೀವು ದೂರು ತಿಳಿಸಿದ ನಂತರ ಆಗುವ ನಷ್ಟದ ಹೊಣೆ ಬ್ಯಾಂಕಿನದು. ಹಾಗಾಗಿ ಕರೆಯ ಸಮಯ ಮತ್ತು ದೂರಿನ ಸಂಖ್ಯೆ ಬರೆದಿಡಿ. ಲಿಖಿತ ದೂರನ್ನು ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಕೊಡಬಹುದು, ಕರ್ನಾಟಕದಲ್ಲಾದರೆ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಠಾಣೆಯಲ್ಲೂ ಕೊಡಬಹುದು.

ಅಳಿಸುವ ಮೊದಲು ಒಂದು ಕೆಲಸ: ಆ್ಯಪಿನ ಮಾಹಿತಿ ಪುಟ, ಫೈಲ್ ಬಂದ ವಾಟ್ಸ್‌ಆ್ಯಪ್ ಸಂದೇಶ, ಕಳಿಸಿದ ನಂಬರು, ಇವುಗಳ ಫೋಟೋ ತೆಗೆದಿಡಿ, ಅದೂ ಇನ್ನೊಂದು ಫೋನಿನಿಂದ. ಅಳಿಸಿದ ಮೇಲೆ ಈ ಸಾಕ್ಷ್ಯ ಸಿಗುವುದಿಲ್ಲ.

ಬಂದ ಸೂಚನೆ ಅಸಲಿಯೇ?

‘ನಿಮ್ಮ ಫೋನಿನಲ್ಲಿ 13 ವೈರಸ್ ಇವೆ, ಈಗಲೇ ತೆಗೆಯಿರಿ’ ಎಂಬ ಸೂಚನೆಗಳಲ್ಲಿ ಹೆಚ್ಚಿನವು ಫೋನಿನವಲ್ಲ. ಎಂದೋ ಒಂದು ಜಾಲತಾಣದಲ್ಲಿ ‘ಅಲೋ’ (ಅನುಮತಿಸು) ಒತ್ತಿದ್ದಕ್ಕೆ ಬ್ರೌಸರ್ ಮೂಲಕ ಬರುವ ಜಾಹೀರಾತುಗಳು. ಪತ್ತೆ ಮಾಡುವುದು ಸುಲಭ. ಸೂಚನೆಯನ್ನು ಒತ್ತಬೇಡಿ, ಅದರ ಮೇಲೆ ಬೆರಳಿಟ್ಟು ಒಂದೆರಡು ಸೆಕೆಂಡ್ ಹಿಡಿದುಕೊಳ್ಳಿ. ಕಳಿಸಿದ ಆ್ಯಪಿನ ಹೆಸರು ಬರುತ್ತದೆ. ಕ್ರೋಮ್ ಎಂದಿದ್ದು ಪಕ್ಕದಲ್ಲಿ ತಾಣದ ವಿಳಾಸವಿದ್ದರೆ ಅದು ಜಾಹೀರಾತು, ಅಲ್ಲೇ ಆಫ್ ಮಾಡಿ. ಗೂಗಲ್ ಪ್ಲೇ ಸ್ಟೋರ್ ಅಥವಾ ಗೂಗಲ್ ಪ್ಲೇ ಸರ್ವೀಸಸ್ ಎಂದಿದ್ದರೆ ಬಹುತೇಕ ಅಸಲಿ.

ಅಸಲಿಯನ್ನು ಖಚಿತ ಮಾಡಿಕೊಳ್ಳಲು ಸೂಚನೆಯ ಮೂಲಕ ಹೋಗಬೇಕಿಲ್ಲ. ಪ್ಲೇ ಸ್ಟೋರ್ ತೆರೆದು, ಬಲ ಮೂಲೆಯ ನಿಮ್ಮ ಚಿತ್ರ ಒತ್ತಿ, ಪ್ಲೇ ಪ್ರೊಟೆಕ್ಟ್‌ಗೆ (ಹಾನಿಕಾರಕ ಆ್ಯಪ್ ಹುಡುಕುವ ಗೂಗಲ್‌ನ ವ್ಯವಸ್ಥೆ) ಹೋಗಿ. ಕಡೆಯ ಬಾರಿ ಯಾವಾಗ ಸ್ಕ್ಯಾನ್ ಆಯಿತು ಎಂದು ಅಲ್ಲಿ ಕಾಣುತ್ತದೆ. ಅದೇ ಪುಟದ ಗೇರ್ ಗುರುತು ಒತ್ತಿದರೆ ಸ್ಕ್ಯಾನಿಂಗ್ ಸ್ವಿಚ್ ಸಿಗುತ್ತದೆ. ನೀವು ಮುಟ್ಟಿಲ್ಲದಿದ್ದರೂ ಅದು ಆಫ್ ಆಗಿದ್ದರೆ ಅದೇ ದೊಡ್ಡ ಸುಳಿವು: ‘ಇನ್‌ಸ್ಟಾಲ್ ಆಗದಿದ್ದರೆ ಪ್ಲೇ ಪ್ರೊಟೆಕ್ಟ್ ಆಫ್ ಮಾಡಿ’ ಎಂದು ಫೋನಿನಲ್ಲಿ ಹೇಳಿ ಮಾಡಿಸುವುದು ವಂಚಕರ ಮೊದಲ ಹೆಜ್ಜೆ.

ಅಸಲಿ ಸೂಚನೆಯ ನಂತರ ‘ಸ್ವಚ್ಛಗೊಳಿಸುವ ಸಾಧನ ಇಲ್ಲಿದೆ’ ಎಂದು ಯಾರಾದರೂ ಎಪಿಕೆ (ಪ್ಲೇ ಸ್ಟೋರ್ ಇಲ್ಲದೆ ನೇರವಾಗಿ ಆ್ಯಪ್ ಹಾಕುವ ಫೈಲ್) ಕಳಿಸಿದರೆ ಹಾಕಿಕೊಳ್ಳಬೇಡಿ. ಈ ಉಪಾಯ ಹಳೆಯದು, ಮುಂದಿನ ಭಾಗದಲ್ಲಿ ಅದರ ನಿಜ ಉದಾಹರಣೆ ಇದೆ.

ದೂರದಿಂದ ಅಳಿಸುವುದು ಎಂದರೆ ಏನಾಗುತ್ತದೆ

ಗೂಗಲ್ ಈ ಅಧಿಕಾರವನ್ನು ಬಳಸಿರುವುದು ಬಹಿರಂಗವಾದದ್ದು 2010ರ ಜೂನ್‌ನಲ್ಲಿ. ಭದ್ರತಾ ಸಂಶೋಧಕರೊಬ್ಬರು ಪ್ರಯೋಗಕ್ಕೆಂದು ಆಂಡ್ರಾಯ್ಡ್ ಮಾರ್ಕೆಟ್‌ಗೆ (ಪ್ಲೇ ಸ್ಟೋರ್‌ನ ಹಳೆಯ ಹೆಸರು) ಹಾಕಿದ್ದ ಎರಡು ಆ್ಯಪ್‌ಗಳನ್ನು ಬಳಕೆದಾರರ ಫೋನುಗಳಿಂದಲೇ ತೆಗೆಯಲಾಯಿತು. ಫೋನು ಮತ್ತು ಗೂಗಲ್ ಸರ್ವರ್ ನಡುವೆ ಸದಾ ತೆರೆದಿರುವ ಒಂದು ಸಂಪರ್ಕವಿದೆ, ‘ಈ ಆ್ಯಪ್ ತೆಗೆ’ ಎಂಬ ಆದೇಶ ಅದರ ಮೂಲಕ ಬರುತ್ತದೆ. ಇಂಟರ್ನೆಟ್ ಇಲ್ಲದ ಫೋನಿಗೆ ಆದೇಶ ತಲುಪುವುದಿಲ್ಲ, ಗೂಗಲ್ ಸೇವೆಗಳೇ ಇಲ್ಲದ ಫೋನಿಗೂ ತಲುಪುವುದಿಲ್ಲ.

ದೂರದಿಂದ ಅಳಿಸುವುದು ಎಲ್ಲಿ ನಿಲ್ಲುತ್ತದೆ ಎಂಬುದು 2011ರ ಮಾರ್ಚ್‌ನ ಡ್ರಾಯ್ಡ್‌ಡ್ರೀಮ್ ಪ್ರಕರಣದಲ್ಲಿ ಗೊತ್ತಾಯಿತು. ಅಸಲಿ ಆಟ ಮತ್ತು ಉಪಕರಣಗಳ ನಕಲು ಮಾಡಿ, ಒಳಗೆ ಕುತಂತ್ರಾಂಶ ತುಂಬಿದ 50ಕ್ಕೂ ಹೆಚ್ಚು ಆ್ಯಪ್‌ಗಳು ಆಂಡ್ರಾಯ್ಡ್ ಮಾರ್ಕೆಟ್‌ನಲ್ಲೇ ಇದ್ದವು. ತೆಗೆಯುವ ಹೊತ್ತಿಗೆ ಸುಮಾರು 2,60,000 ಫೋನುಗಳಿಗೆ ಇಳಿದಿದ್ದವು. 2.2.2ಕ್ಕಿಂತ ಹಳೆಯ ಆಂಡ್ರಾಯ್ಡ್‌ನ ದೋಷಗಳನ್ನು ಬಳಸಿ ಅವು ರೂಟ್ ಹಕ್ಕು, ಅಂದರೆ ಫೋನಿನ ಮೇಲೆ ಪೂರ್ಣ ಅಧಿಕಾರ, ಪಡೆಯುತ್ತಿದ್ದವು. ಫೋನಿನ ಐಎಂಇಐ ಮತ್ತು ಸಿಮ್‌ನ ಐಎಂಎಸ್‌ಐ ಸಂಖ್ಯೆ ಕಳಿಸುತ್ತಿದ್ದವು, ಆಮೇಲೆ ಆಂಡ್ರಾಯ್ಡ್ ತಾನೇ ಇರುವ ಸಿಸ್ಟಂ ಭಾಗದೊಳಗೆ ಇನ್ನೊಂದು ಆ್ಯಪನ್ನು ಸದ್ದಿಲ್ಲದೆ ಕೂರಿಸುತ್ತಿದ್ದವು. ಡೌನ್‌ಲೋಡ್ ನಿರ್ವಹಿಸುವ ಅಧಿಕೃತ ಘಟಕ ಎನಿಸುವಂಥ ಹೆಸರು ಅದಕ್ಕಿತ್ತು. ಕೆಲಸವೆಲ್ಲ ರಾತ್ರಿ 11ರಿಂದ ಬೆಳಿಗ್ಗೆ 8ರ ನಡುವೆ ನಡೆಯುವಂತೆ ಹೊಂದಿಸಲಾಗಿತ್ತು.

ಮೊದಲ ಆ್ಯಪನ್ನು ಅಳಿಸಿದರೆ ಎರಡನೆಯದು ಹೋಗುವುದಿಲ್ಲ, ಅದು ಸಿಸ್ಟಂ ಭಾಗದಲ್ಲಿದೆ. ಆದ್ದರಿಂದ ಗೂಗಲ್ ಅಳಿಸುವ ಆದೇಶದ ಜೊತೆಗೆ ‘ಆಂಡ್ರಾಯ್ಡ್ ಮಾರ್ಕೆಟ್ ಸೆಕ್ಯುರಿಟಿ ಟೂಲ್ ಮಾರ್ಚ್ 2011’ ಎಂಬ ಸಾಧನವನ್ನೂ ಸೋಂಕು ತಗುಲಿದ ಫೋನುಗಳಿಗೆ ತಾನಾಗಿ ಕಳಿಸಿ ಕುತಂತ್ರಾಂಶ ಮಾಡಿದ ಬದಲಾವಣೆಯನ್ನು ಹಿಂದಿರುಗಿಸಬೇಕಾಯಿತು. ಬಳಕೆದಾರರಿಗೆ ಇಮೇಲ್ ಮತ್ತು ಫೋನಿನಲ್ಲಿ ಸೂಚನೆ ಹೋಯಿತು. ಕೆಲವೇ ದಿನಗಳಲ್ಲಿ ಅದೇ ಸಾಧನದ ಹೆಸರಿನಲ್ಲಿ ಕುತಂತ್ರಾಂಶ ತುಂಬಿದ ನಕಲಿ ಪ್ರತಿಯೊಂದು ಗೂಗಲ್‌ನದಲ್ಲದ ಚೀನೀ ಆ್ಯಪ್ ಮಾರುಕಟ್ಟೆಯಲ್ಲಿ ಕಾಣಿಸಿಕೊಂಡಿತು. ಭದ್ರತಾ ಕಂಪನಿ ಸಿಮ್ಯಾಂಟೆಕ್ ಅದನ್ನು ಗುರುತಿಸಿತು.

ಆಂಡ್ರಾಯ್ಡ್ ಅಲ್ಲಿಂದ ಬಹಳ ಬದಲಾಗಿದೆ. ಸಾಮಾನ್ಯ ಆ್ಯಪ್‌ಗೆ ರೂಟ್ ಹಕ್ಕು ಈಗ ಸುಲಭವಾಗಿ ಸಿಗದು. ಆದರೆ ಎರಡು ಹಂತದ ರಚನೆ ಇವತ್ತಿಗೂ ಹಾಗೇ ಇದೆ, ವಾಟ್ಸ್‌ಆ್ಯಪ್‌ನಲ್ಲಿ ಬರುವ ‘ಆರ್‌ಟಿಒ ಚಲನ್’, ‘ಪಿಎಂ ಕಿಸಾನ್’, ‘ಮದುವೆ ಆಮಂತ್ರಣ’ ಎಪಿಕೆಗಳಲ್ಲೂ ಇದೆ.

‘ತೆಗೆದಿದ್ದಾರೆ’ ಎಂಬ ಮಾತಿನ ನಾಲ್ಕು ಸ್ಥಿತಿಗಳು

ಪ್ಲೇ ಸ್ಟೋರ್‌ನಿಂದ ಆ್ಯಪ್ ತೆಗೆದರೆ ಅದು ನಿಮ್ಮ ಫೋನಿನಿಂದ ಹೋಗುವುದಿಲ್ಲ. ಸುದ್ದಿ ಓದಿ ನಿಶ್ಚಿಂತರಾಗುವವರು ಎಡವುವುದು ಇಲ್ಲೇ. 2020ರ ಜೂನ್ 29ರಂದು ಭಾರತ ಸರ್ಕಾರ 59 ಚೀನೀ ಆ್ಯಪ್ ನಿಷೇಧಿಸಿದಾಗ ಅಂಗಡಿಯಿಂದ ಅವು ಮಾಯವಾದವು, ಇನ್‌ಸ್ಟಾಲ್ ಆಗಿದ್ದ ಪ್ರತಿಗಳು ಫೋನುಗಳಲ್ಲೇ ಉಳಿದವು. ಸುಮಾರು 1 ಕೋಟಿ ಬಾರಿ ಇಳಿದಿದ್ದ ಒಂದು ಬಾರ್‌ಕೋಡ್ ಸ್ಕ್ಯಾನರ್ ಆ್ಯಪ್ ವರ್ಷಗಟ್ಟಲೆ ಸಾಚಾ ಆಗಿದ್ದು, 2020ರ ಡಿಸೆಂಬರ್‌ನ ಒಂದು ಅಪ್‌ಡೇಟ್‌ನಿಂದ ಬ್ರೌಸರ್‌ನಲ್ಲಿ ತಾನಾಗಿ ಜಾಹೀರಾತು ತೆರೆಯತೊಡಗಿತು. ಪ್ಲೇ ಸ್ಟೋರ್ ಅದನ್ನು ಕಿತ್ತುಹಾಕಿದ ಮೇಲೂ ಬಳಕೆದಾರರು ಕೈಯಾರೆ ಅಳಿಸಬೇಕಾಯಿತು.

ಉಳಿದ ಮೂರು ಸ್ಥಿತಿಗಳು ಪ್ಲೇ ಪ್ರೊಟೆಕ್ಟ್‌ನವು: ಬರೀ ಎಚ್ಚರಿಕೆ, ನಿಷ್ಕ್ರಿಯ, ಪೂರ್ತಿ ಅಳಿಸುವಿಕೆ. ಎಚ್ಚರಿಕೆಯಲ್ಲಿ ಆ್ಯಪ್ ಓಡುತ್ತಲೇ ಇರುತ್ತದೆ. ನಿಷ್ಕ್ರಿಯವಾದದ್ದು ಓಡುವುದಿಲ್ಲ, ಆದರೆ ಫೋನಿನಲ್ಲೇ ಇರುತ್ತದೆ, ಅನ್‌ಇನ್‌ಸ್ಟಾಲ್ ನೀವೇ ಒತ್ತಬೇಕು. ಪೂರ್ತಿ ಅಳಿಸಿದಾಗ ಆ್ಯಪ್ ಮತ್ತು ಅದರ ಸ್ವಂತ ಡೇಟಾ ಹೋಗುತ್ತದೆ. ಡೌನ್‌ಲೋಡ್ಸ್ ಫೋಲ್ಡರಿನ ಎಪಿಕೆ ಫೈಲ್, ಆ್ಯಪ್ ಇಳಿಸಿದ ಎರಡನೇ ಆ್ಯಪ್, ಈಗಾಗಲೇ ಹೊರಗೆ ಹೋದ ಮಾಹಿತಿ ಹಾಗೇ ಇರುತ್ತವೆ. ನಿಮಗೆ ಬಂದ ಸೂಚನೆ ಈ ಮೂರರಲ್ಲಿ ಯಾವುದು ಎಂದು ಪದ ಪದ ಓದಿ.

ಎಪಿಕೆ ಫೈಲ್ ಡೌನ್‌ಲೋಡ್ ಆದ ಮಾತ್ರಕ್ಕೆ ಸೋಂಕು ಆಗಿಲ್ಲ. ಇನ್‌ಸ್ಟಾಲ್ ಒತ್ತಿದ್ದರೆ ಮಾತ್ರ ಮುಂದಿನ ಭಾಗ ಬೇಕು. ಒತ್ತಿಲ್ಲವೆಂದು ಖಚಿತವಿದ್ದರೆ ಫೈಲ್ ಅಳಿಸಿ, ಕಸದ ಬುಟ್ಟಿಯನ್ನೂ ಖಾಲಿ ಮಾಡಿ.

ಅನ್‌ಇನ್‌ಸ್ಟಾಲ್ ಆಗುತ್ತಿಲ್ಲ, ಅಥವಾ ಐಕಾನೇ ಇಲ್ಲ

ಮೊದಲು ಈ ಎಪಿಕೆಗಳ ನಡವಳಿಕೆ ತಿಳಿದಿರಲಿ. ನೀವು ಒತ್ತಿ ಹಾಕಿಕೊಂಡದ್ದು ಬರೀ ಹೊದಿಕೆ. ತೆರೆದ ಕೂಡಲೇ ‘ಅಪ್‌ಡೇಟ್ ಬೇಕು’ ಎಂದು ಒಂದು ಬಟನ್ ತೋರಿಸುತ್ತದೆ. ಅದನ್ನು ಒತ್ತಿದಾಗ ಎರಡನೇ ಆ್ಯಪ್ ಇನ್‌ಸ್ಟಾಲ್ ಆಗುತ್ತದೆ, ಅದಕ್ಕೆ ಐಕಾನ್ ಇರುವುದಿಲ್ಲ. ಹೀಗೆ ಸುತ್ತಿ ಬರಲು ಕಾರಣವಿದೆ. ಆಂಡ್ರಾಯ್ಡ್ 13ರಿಂದ, ಹೊರಗಿನಿಂದ ಹಾಕಿಕೊಂಡ ಆ್ಯಪ್‌ಗೆ ಆ್ಯಕ್ಸೆಸಿಬಿಲಿಟಿ (ಅಂಗವಿಕಲರ ನೆರವಿಗೆಂದು ಪರದೆ ಓದಿ ಬಟನ್ ಒತ್ತಬಲ್ಲ ಸೌಲಭ್ಯ) ಮತ್ತು ನೋಟಿಫಿಕೇಶನ್ ಓದುವ ಹಕ್ಕು ನೇರವಾಗಿ ಸಿಗದು. ಆದರೆ ಆ್ಯಪ್ ಅಂಗಡಿಗಳು ಬಳಸುವ ಇನ್‌ಸ್ಟಾಲ್ ವಿಧಾನದಿಂದ ಬಂದ ಆ್ಯಪ್‌ಗೆ ಆ ತಡೆ ಇಲ್ಲ. ಹೊದಿಕೆ ಆ್ಯಪ್ ಒಂದು ಅಂಗಡಿಯಂತೆ ನಟಿಸಿ ಎರಡನೆಯದನ್ನು ಒಳಬಿಡುತ್ತದೆ. ಹಾಗಾಗಿ ಪ್ಲೇ ಪ್ರೊಟೆಕ್ಟ್ ಒಂದನ್ನು ಹಿಡಿದು ಅಳಿಸಿದ್ದರೂ ಇನ್ನೊಂದು ಇದೆಯೇ ಎಂದು ನೋಡಲೇಬೇಕು.

1. ಇಂಟರ್ನೆಟ್ ಆಫ್ ಮಾಡಿ ಫೋನನ್ನು ಸೇಫ್ ಮೋಡ್‌ಗೆ ತನ್ನಿ. ಪವರ್ ಮೆನು ತೆರೆದು ‘ಪವರ್ ಆಫ್’ ಮೇಲೆ ಬೆರಳಿಟ್ಟು ಹಿಡಿಯಿರಿ, ಸೇಫ್ ಮೋಡ್ ಕೇಳುತ್ತದೆ. ಕೆಲವು ಫೋನುಗಳಲ್ಲಿ ಆನ್ ಆಗುವಾಗ ವಾಲ್ಯೂಮ್ ಕೆಳಗಿನ ಬಟನ್ ಒತ್ತಿ ಹಿಡಿಯಬೇಕು. ಪರದೆಯ ಕೆಳಮೂಲೆಯಲ್ಲಿ ಸೇಫ್ ಮೋಡ್ ಎಂದು ಕಾಣಬೇಕು. ಇಲ್ಲಿ ನೀವು ಹಾಕಿಕೊಂಡ ಯಾವ ಆ್ಯಪೂ ಓಡುವುದಿಲ್ಲ. ಮುಖಪುಟದ ವಿಜೆಟ್‌ಗಳು ಹೋಗಬಹುದು, ಆಮೇಲೆ ಮತ್ತೆ ಹಾಕಿಕೊಳ್ಳಿ.

ಸೇಫ್ ಮೋಡ್ ಬಿಟ್ಟು ಪ್ರಯತ್ನಿಸಿದರೆ ಏನಾಗುತ್ತದೆ ಎಂದರೆ: ಅನ್‌ಇನ್‌ಸ್ಟಾಲ್ ಪುಟ ತೆರೆಯುತ್ತದೆ, ಬೆರಳು ಬಟನ್ ಮುಟ್ಟುವ ಮೊದಲೇ ಪುಟ ತಾನಾಗಿ ಮುಚ್ಚಿ ಮುಖಪುಟಕ್ಕೆ ಬರುತ್ತದೆ. ಮತ್ತೆ ಹೋದರೂ ಅದೇ. ಇದು ಫೋನಿನ ಹ್ಯಾಂಗ್ ಅಲ್ಲ. ಆ್ಯಕ್ಸೆಸಿಬಿಲಿಟಿ ಹಕ್ಕು ಪಡೆದ ಆ್ಯಪ್ ಪರದೆಯಲ್ಲಿ ಏನು ತೆರೆದಿದೆ ಎಂದು ಓದುತ್ತಿದೆ, ತನ್ನ ಹೆಸರಿನ ಪುಟ ಕಂಡ ಕೂಡಲೇ ನಿಮ್ಮ ಪರವಾಗಿ ‘ಬ್ಯಾಕ್’ ಒತ್ತುತ್ತಿದೆ. ಈ ಲಕ್ಷಣ ಕಂಡರೆ ಬೇರೆ ಪುರಾವೆ ಬೇಕಿಲ್ಲ.

2. ಸೆಟ್ಟಿಂಗ್ಸ್‌ನಲ್ಲಿ ‘ಡಿವೈಸ್ ಅಡ್ಮಿನ್ ಆ್ಯಪ್ಸ್’ ಹುಡುಕಿ. ಅಲ್ಲಿ ಇರಬಹುದಾದವು ಫೈಂಡ್ ಹಬ್ (ಕಳೆದ ಫೋನ್ ಹುಡುಕುವ ಗೂಗಲ್ ಸೇವೆ), ಆಫೀಸಿನ ಇಮೇಲ್ ಆ್ಯಪ್, ಇಂಥವು. ಗೊತ್ತಿಲ್ಲದ ಹೆಸರಿದ್ದರೆ ನಿಷ್ಕ್ರಿಯಗೊಳಿಸಿ. ಈ ಹಕ್ಕು ಇರುವ ತನಕ ಅನ್‌ಇನ್‌ಸ್ಟಾಲ್ ಬಟನ್ ಮಸುಕಾಗಿಯೇ ಇರುತ್ತದೆ.

3. ಆ್ಯಕ್ಸೆಸಿಬಿಲಿಟಿ ಪುಟದಲ್ಲಿ ‘ಡೌನ್‌ಲೋಡೆಡ್ ಆ್ಯಪ್ಸ್’ ಅಥವಾ ‘ಇನ್‌ಸ್ಟಾಲ್ಡ್ ಆ್ಯಪ್ಸ್’ ನೋಡಿ. ನೀವೇ ಬಯಸಿ ಕೊಟ್ಟದ್ದನ್ನು ಬಿಟ್ಟು ಎಲ್ಲವನ್ನೂ ಆಫ್ ಮಾಡಿ.

4. ಈಗ ಆ್ಯಪ್‌ಗಳ ಪೂರ್ಣ ಪಟ್ಟಿ ತೆರೆಯಿರಿ. ಮುಖಪುಟದಲ್ಲಿ ಐಕಾನ್ ಇಲ್ಲದಿದ್ದರೂ ಇಲ್ಲಿ ಇರಲೇಬೇಕು. ಹೆಸರಿನ ಜಾಗ ಖಾಲಿ ಇರುವುದು, ಆಂಡ್ರಾಯ್ಡ್‌ನ ಹಸಿರು ಗೊಂಬೆ ಇರುವುದು, ‘ಸಿಸ್ಟಂ ಸರ್ವೀಸ್’, ‘ಪ್ಲೇ ಅಪ್‌ಡೇಟ್’ ಎಂದು ದೊಡ್ಡ ಹೆಸರು ಹೊತ್ತದ್ದು, ಇವನ್ನು ಒಂದೊಂದಾಗಿ ತೆರೆದು ಪುಟದ ಕೆಳತುದಿಗೆ ಇಳಿಯಿರಿ. ಆ್ಯಪ್ ಎಲ್ಲಿಂದ ಇನ್‌ಸ್ಟಾಲ್ ಆಯಿತು ಎಂಬ ಸಾಲು ಅಲ್ಲಿರುತ್ತದೆ. ಗೂಗಲ್ ಅಥವಾ ಬ್ಯಾಂಕಿನ ಹೆಸರು ಹೇಳಿಕೊಳ್ಳುವ ಆ್ಯಪ್ ಪ್ಲೇ ಸ್ಟೋರ್‌ನಿಂದಲ್ಲದೆ ಪ್ಯಾಕೇಜ್ ಇನ್‌ಸ್ಟಾಲರ್‌ನಿಂದಲೋ ಬೇರೆ ಆ್ಯಪಿನಿಂದಲೋ ಬಂದಿದ್ದರೆ ಅದೇ ಕಳ್ಳ. ಹೆಸರು ನಕಲು ಮಾಡುವುದು ಸುಲಭ, ಬಂದ ದಾರಿಯನ್ನು ಮುಚ್ಚಿಡುವುದು ಕಷ್ಟ. ಅಳಿಸಿ.

5. ಸ್ಪೆಷಲ್ ಆ್ಯಪ್ ಆ್ಯಕ್ಸೆಸ್ ಪುಟದಲ್ಲಿ ಇವನ್ನು ನೋಡಿ: ನೋಟಿಫಿಕೇಶನ್ ಆ್ಯಕ್ಸೆಸ್, ಬೇರೆ ಆ್ಯಪ್‌ಗಳ ಮೇಲೆ ತೋರಿಸುವ ಅನುಮತಿ, ಅಪರಿಚಿತ ಆ್ಯಪ್ ಇನ್‌ಸ್ಟಾಲ್ ಮಾಡುವ ಅನುಮತಿ. ಕಡೆಯದರಲ್ಲಿ ವಾಟ್ಸ್‌ಆ್ಯಪ್, ಕ್ರೋಮ್, ಫೈಲ್ಸ್ ಎಲ್ಲಕ್ಕೂ ಆಫ್ ಇರಬೇಕು. ಡೀಫಾಲ್ಟ್ ಆ್ಯಪ್ಸ್‌ನಲ್ಲಿ ಎಸ್‌ಎಂಎಸ್ ಮತ್ತು ಫೋನ್ ಆ್ಯಪ್ ನಿಮ್ಮ ಹಳೆಯದೇ ಇದೆಯೇ ನೋಡಿ. ವಿಪಿಎನ್ ಪಟ್ಟಿಯಲ್ಲಿ ಗೊತ್ತಿಲ್ಲದ್ದು ಇರಬಾರದು.

ನೋಟಿಫಿಕೇಶನ್ ಆ್ಯಕ್ಸೆಸ್ ಅನ್ನು ಹಲವರು ನೋಡುವುದೇ ಇಲ್ಲ. ಎಸ್‌ಎಂಎಸ್ ಅನುಮತಿ ಕೊಟ್ಟಿಲ್ಲ ಎಂದು ಸಮಾಧಾನಪಟ್ಟುಕೊಳ್ಳುತ್ತಾರೆ. ಒಟಿಪಿ ಬಂದಾಗ ಪರದೆಯ ಮೇಲೆ ಇಳಿಯುವ ಪಟ್ಟಿಯಲ್ಲೇ ಆರು ಅಂಕಿ ಇರುತ್ತದೆ. ಅದನ್ನು ಓದಲು ಎಸ್‌ಎಂಎಸ್ ಅನುಮತಿ ಬೇಕಿಲ್ಲ.

6. ಇಷ್ಟಾದರೂ ಹೋಗದಿದ್ದರೆ ಎಡಿಬಿ, ಅಂದರೆ ಕೇಬಲ್ ಜೋಡಿಸಿ ಕಂಪ್ಯೂಟರ್‌ನಿಂದ ಫೋನಿಗೆ ಆದೇಶ ಕೊಡುವ ಸಾಧನ. ಇದು ಗೊತ್ತಿರುವವರ ನೆರವಿನಿಂದ ಮಾಡಿ. ಬಿಲ್ಡ್ ನಂಬರ್ ಮೇಲೆ 7 ಬಾರಿ ಒತ್ತಿ ಡೆವಲಪರ್ ಆಯ್ಕೆ ತೆರೆದು, ಯುಎಸ್‌ಬಿ ಡೀಬಗ್ಗಿಂಗ್ ಆನ್ ಮಾಡಿ. ಪ್ಯಾಕೇಜ್ ಮ್ಯಾನೇಜರ್‌ನಿಂದ ಬಳಕೆದಾರ ಹಾಕಿದ ಪ್ಯಾಕೇಜುಗಳ ಪಟ್ಟಿ ಮಾತ್ರ ತರಿಸಿ, ಇನ್‌ಸ್ಟಾಲರ್ ತೋರಿಸುವ ಆಯ್ಕೆಯನ್ನೂ ಸೇರಿಸಿ, ಪ್ಯಾಕೇಜ್ ಹೆಸರು ಕೊಟ್ಟು ಅಳಿಸಿ. ಅಡ್ಮಿನ್ ಹಕ್ಕು ಉಳಿದಿದ್ದರೆ ಎಡಿಬಿಯೂ ಅಳಿಸದೆ ಡಿವೈಸ್ ಪಾಲಿಸಿ ದೋಷ ತೋರಿಸುತ್ತದೆ, ಆಗ ಹಂತ 2ಕ್ಕೆ ಹಿಂದಿರುಗಿ. ಕೆಲಸ ಮುಗಿದ ಮೇಲೆ ಡೀಬಗ್ಗಿಂಗ್ ಆಫ್ ಮಾಡಿ.

ನಂತರ ಸಾಮಾನ್ಯ ರೀತಿಯಲ್ಲಿ ಆನ್ ಮಾಡಿ, ಇಂಟರ್ನೆಟ್ ಕೊಟ್ಟು, ಪ್ಲೇ ಪ್ರೊಟೆಕ್ಟ್ ಸ್ಕ್ಯಾನ್ ಓಡಿಸಿ. ಎರಡನೇ ಅಭಿಪ್ರಾಯ ಬೇಕಿದ್ದರೆ ಸರ್ಕಾರಿ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್‌ನ ಎಂ-ಕವಚ್ 2 ಇದೆ, ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರ ಸೂಚಿಸುವ ಬಾಟ್ (ದೂರದಿಂದ ಆಡಿಸುವ ಕುತಂತ್ರಾಂಶ) ನಿವಾರಣಾ ಆ್ಯಪ್ ಇದೆ. ಎರಡನ್ನೂ ಪ್ಲೇ ಸ್ಟೋರ್‌ನಿಂದಲೇ ಪಡೆಯಿರಿ.

ಅಳಿಸಿದರೂ ಮತ್ತೆ ಬರುತ್ತಿದ್ದರೆ

ಹೆಚ್ಚಿನ ಸಲ ಕಾರಣ ಸರಳ: ಎರಡನೇ ಆ್ಯಪ್ ಉಳಿದಿದೆ, ಅಥವಾ ಬ್ಯಾಕಪ್‌ನಿಂದ ವಾಪಸ್ ಬಂದಿದೆ. ಫ್ಯಾಕ್ಟರಿ ರೀಸೆಟ್ ಮಾಡಿದರೆ ಸಾಕು, ಆದರೆ ಸರಿಯಾಗಿ ಮಾಡಬೇಕು. ಗೂಗಲ್ ಪಾಸ್‌ವರ್ಡ್ ನೆನಪಿದೆಯೇ ಮೊದಲೇ ನೋಡಿಕೊಳ್ಳಿ, ಸೆಟ್ಟಿಂಗ್ಸ್ ಬಿಟ್ಟು ರಿಕವರಿ ಮೆನು ಮೂಲಕ ರೀಸೆಟ್ ಮಾಡಿದರೆ ಹಳೆಯ ಖಾತೆ ಕೇಳುತ್ತದೆ. ಫೋಟೋ ಮತ್ತು ಸಂಪರ್ಕಗಳನ್ನು ಮಾತ್ರ ಉಳಿಸಿ. ಮೆಮೊರಿ ಕಾರ್ಡ್ ಬೇರೆಯಾಗಿ ಫಾರ್ಮ್ಯಾಟ್ ಮಾಡಿ, ರೀಸೆಟ್ ಅದನ್ನು ಮುಟ್ಟದಿರಬಹುದು. ಹೊಸದಾಗಿ ಆನ್ ಆದಾಗ ‘ಹಳೆಯ ಆ್ಯಪ್‌ಗಳನ್ನು ಮರಳಿ ತರಲೇ’ ಎಂದರೆ ಬೇಡ ಎನ್ನಿ. ಬೇಕಾದ್ದನ್ನು ಒಂದೊಂದಾಗಿ ಪ್ಲೇ ಸ್ಟೋರ್‌ನಿಂದ ಹಾಕಿಕೊಳ್ಳಿ.

ರೀಸೆಟ್‌ಗೂ ಜಗ್ಗದ ಉದಾಹರಣೆ 2019ರ ಎಕ್ಸ್‌ಹೆಲ್ಪರ್ ಎಂಬ ಕುತಂತ್ರಾಂಶ. ಸುಮಾರು 45,000 ಫೋನುಗಳಲ್ಲಿ ಇದೆ ಎಂದು ಸಿಮ್ಯಾಂಟೆಕ್ ಆ ವರ್ಷದ ಅಕ್ಟೋಬರ್‌ನಲ್ಲಿ ಹೇಳಿತ್ತು. ಅಳಿಸಿದರೂ ಮತ್ತೆ ಮರಳುತ್ತಿತ್ತು. ಆಂಡ್ರಾಯ್ಡ್ 6 ಮತ್ತು 7ರಂಥ ಹಳೆಯ ಆವೃತ್ತಿಗಳಲ್ಲಿ ಅದು ತರುವ ಟ್ರಯಾಡಾ ಎಂಬ ಕುತಂತ್ರಾಂಶ ರೂಟ್ ಹಕ್ಕು ಪಡೆದು ಸಿಸ್ಟಂ ಭಾಗಕ್ಕೇ ಬರೆಯುತ್ತದೆ, ಬರೆದ ಫೈಲುಗಳನ್ನು ಅಳಿಸಲಾಗದಂತೆ ಗುರುತು ಹಾಕುತ್ತದೆ ಎಂದು ಭದ್ರತಾ ಕಂಪನಿ ಕ್ಯಾಸ್ಪರ್‌ಸ್ಕಿ 2020ರಲ್ಲಿ ವಿವರಿಸಿತು. ರೀಸೆಟ್ ಅಳಿಸುವುದು ಬಳಕೆದಾರರ ಡೇಟಾ ಭಾಗವನ್ನು, ಸಿಸ್ಟಂ ಭಾಗವನ್ನಲ್ಲ. ಇಂಥ ಲಕ್ಷಣ ಕಂಡರೆ ಕಂಪನಿಯ ಸೇವಾ ಕೇಂದ್ರದಲ್ಲಿ ಅಧಿಕೃತ ಫರ್ಮ್‌ವೇರನ್ನು (ಫೋನಿನ ಮೂಲ ತಂತ್ರಾಂಶ) ಪೂರ್ತಿ ಹೊಸದಾಗಿ ಹಾಕಿಸಬೇಕು. ಭದ್ರತಾ ಪ್ಯಾಚ್ ಬರುವುದು ನಿಂತ ಹಳೆಯ ಫೋನಾದರೆ ಹಣದ ವ್ಯವಹಾರಕ್ಕೆ ಅದನ್ನು ಬಳಸಬೇಡಿ.

ಆ್ಯಪ್ ಹೋಯಿತು, ಕೊಂಡೊಯ್ದದ್ದು?

ಇಲ್ಲಿ ಕ್ರಮ ತಪ್ಪಿದರೆ ಮಾಡಿದ್ದೆಲ್ಲ ವ್ಯರ್ಥ. ಸೋಂಕಿನ ಫೋನಿನಲ್ಲಿ ಪಾಸ್‌ವರ್ಡ್ ಬದಲಿಸಿದರೆ ಹೊಸ ಪಾಸ್‌ವರ್ಡೂ ಅವರ ಕೈಗೆ ಹೋಗುತ್ತದೆ. ಶುದ್ಧವಾದ ಇನ್ನೊಂದು ಸಾಧನದಿಂದ ಮಾಡಿ. ಮೊದಲು ಗೂಗಲ್ ಖಾತೆ: ಭದ್ರತೆ ಪುಟದಲ್ಲಿ ‘ನಿಮ್ಮ ಸಾಧನಗಳು’ ನೋಡಿ ಗೊತ್ತಿಲ್ಲದ್ದನ್ನು ಸೈನ್ ಔಟ್ ಮಾಡಿ, ಹೊರಗಿನ ಆ್ಯಪ್‌ಗಳಿಗೆ ಕೊಟ್ಟ ಪ್ರವೇಶ ರದ್ದು ಮಾಡಿ, ಪಾಸ್‌ವರ್ಡ್ ಬದಲಿಸಿ. ಆಮೇಲೆ ನೆಟ್‌ಬ್ಯಾಂಕಿಂಗ್, ಯುಪಿಐ ಪಿನ್.

ವಾಟ್ಸ್‌ಆ್ಯಪ್‌ನಲ್ಲಿ ‘ಲಿಂಕ್ಡ್ ಡಿವೈಸಸ್’ ತೆರೆದು ಎಲ್ಲವನ್ನೂ ಲಾಗ್ ಔಟ್ ಮಾಡಿ, ಎರಡು ಹಂತದ ಪರಿಶೀಲನೆಯ ಪಿನ್ ಇಡಿ. ಖಾತೆಯೇ ಕೈತಪ್ಪಿದ್ದರೆ ನಿಮ್ಮ ನಂಬರಿನಿಂದ ಮತ್ತೆ ನೋಂದಾಯಿಸಿ. ಎಸ್‌ಎಂಎಸ್‌ನಲ್ಲಿ ಬಂದ ಆರು ಅಂಕಿ ಹಾಕಿದ ಕೂಡಲೇ ಕಳ್ಳ ಹೊರಬೀಳುತ್ತಾನೆ. ಅವನು ಪಿನ್ ಇಟ್ಟಿದ್ದರೆ ನೀವು ಒಳಹೋಗಲು 7 ದಿನ ಕಾಯಬೇಕು, ಆದರೆ ಆ ಅವಧಿಯಲ್ಲಿ ಅವನೂ ಬಳಸಲಾರ. ಗುಂಪುಗಳಿಗೆ ನಿಮ್ಮ ಹೆಸರಿನಲ್ಲಿ ಎಪಿಕೆ ಹೋಗಿದ್ದರೆ ಮುಚ್ಚಿಡಬೇಡಿ, ‘ನನ್ನಿಂದ ಬಂದ ಫೈಲ್ ತೆರೆಯಬೇಡಿ’ ಎಂದು ಕೂಡಲೇ ಹಾಕಿ. ನಿಮ್ಮನ್ನು ನಂಬಿಯೇ ಅವರು ಅದನ್ನು ತೆರೆಯುತ್ತಾರೆ.

ಕಾಲ್ ಫಾರ್ವರ್ಡಿಂಗ್ ಮರೆಯಬೇಡಿ. ಕರೆ ಬೇರೆ ನಂಬರಿಗೆ ತಿರುಗಿದ್ದರೆ ಧ್ವನಿಯಲ್ಲಿ ಬರುವ ಒಟಿಪಿಯೂ ಅತ್ತಲೇ ಹೋಗುತ್ತದೆ, ಫೋನನ್ನು ರೀಸೆಟ್ ಮಾಡಿದರೂ ಇದು ಸರಿಹೋಗದು, ಏಕೆಂದರೆ ಆ ಹೊಂದಿಕೆ ಇರುವುದು ಮೊಬೈಲ್ ಕಂಪನಿಯ ಜಾಲದಲ್ಲಿ. ಡಯಲರ್‌ನ ಸೆಟ್ಟಿಂಗ್ಸ್‌ನಲ್ಲಿ ನೋಡಿ. ಅಲ್ಲಿ ತೆರೆಯದಿದ್ದರೆ ಕಂಪನಿಯ ಗ್ರಾಹಕ ಸೇವೆಗೆ ಹೇಳಿ ತೆಗೆಸಿ. *, # ಸೇರಿದ ಯುಎಸ್‌ಎಸ್‌ಡಿ ಕೋಡ್ ಒತ್ತಿ ಫಾರ್ವರ್ಡ್ ಮಾಡುವ ಸೌಲಭ್ಯವನ್ನು 2024ರ ಏಪ್ರಿಲ್ 15ರಿಂದ ನಿಲ್ಲಿಸುವಂತೆ ದೂರಸಂಪರ್ಕ ಇಲಾಖೆ ಸೂಚಿಸಿದ್ದು ಇದೇ ದುರ್ಬಳಕೆಯ ಕಾರಣಕ್ಕೆ. ಅದೇ ಇಲಾಖೆಯ ಸಂಚಾರ್ ಸಾಥಿ ತಾಣದಲ್ಲಿ ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಎಂದೂ ನೋಡಿ.

ನನ್ನ ಫೋನಿಗೆ ಕೈ ಹಾಕುವ ಹಕ್ಕು ಯಾರಿಗೆ?

ಈ ಅಳುಕು ಸರಿಯಾದದ್ದೇ. ಅಳಿಸಬಲ್ಲವರು ಹಾಕಲೂ ಬಲ್ಲರು, 2011ರ ಭದ್ರತಾ ಸಾಧನ ಫೋನಿಗೆ ಬಂದದ್ದು ಹಾಗೆಯೇ. 2018ರ ಸೆಪ್ಟೆಂಬರ್‌ನಲ್ಲಿ ಆಂಡ್ರಾಯ್ಡ್ 9 ಇದ್ದ ಹಲವು ಫೋನುಗಳಲ್ಲಿ ಬ್ಯಾಟರಿ ಸೇವರ್ ತಾನಾಗಿ ಆನ್ ಆಯಿತು, ಒಳಗಿನ ಪ್ರಯೋಗವೊಂದು ತಪ್ಪಿ ಎಲ್ಲರಿಗೂ ಹೋಯಿತು ಎಂದು ಗೂಗಲ್ ಒಪ್ಪಿಕೊಂಡಿತು. ಆ್ಯಪಲ್‌ಗೂ ಇಂಥ ಸ್ವಿಚ್ ಇದೆ ಎಂದು ಸ್ಟೀವ್ ಜಾಬ್ಸ್ 2008ರ ಆಗಸ್ಟ್‌ನಲ್ಲೇ ಹೇಳಿದ್ದರು.

ಆದರೂ ನಮ್ಮ ಸಲಹೆ ಒಂದೇ: ಪ್ಲೇ ಪ್ರೊಟೆಕ್ಟ್ ಆಫ್ ಮಾಡಬೇಡಿ. ಇವತ್ತು ಸಾಮಾನ್ಯ ಬಳಕೆದಾರನ ಹಣಕ್ಕೆ ಇರುವ ಅಪಾಯ ವಾಟ್ಸ್‌ಆ್ಯಪ್ ಎಪಿಕೆಯಿಂದ. ಹೊಸ ಎಪಿಕೆಯ ಕೋಡನ್ನು ಇನ್‌ಸ್ಟಾಲ್ ಮಾಡುವಾಗಲೇ ಪರೀಕ್ಷಿಸುವ ವ್ಯವಸ್ಥೆಯನ್ನು ಗೂಗಲ್ 2023ರ ಅಕ್ಟೋಬರ್‌ನಲ್ಲಿ ಮೊದಲು ತಂದದ್ದು ಭಾರತದಲ್ಲೇ. ಗೌಪ್ಯತೆಯ ಕಾಳಜಿ ಇದ್ದರೆ ಅದೇ ಪುಟದಲ್ಲಿ ಇನ್ನೊಂದು ಸ್ವಿಚ್ ಇದೆ, ಅಪರಿಚಿತ ಆ್ಯಪ್‌ಗಳನ್ನು ಪರೀಕ್ಷೆಗಾಗಿ ಗೂಗಲ್‌ಗೆ ಕಳಿಸುವುದು. ಸ್ವಂತ ಆ್ಯಪ್ ಬರೆದು ಪರೀಕ್ಷಿಸುವವರು ಅದನ್ನು ಮಾತ್ರ ಆಫ್ ಇಡಬಹುದು.

ಎಚ್ಚರಿಕೆ ತಪ್ಪಾಗುವುದೂ ಉಂಟು. 2023ರ ಅಕ್ಟೋಬರ್‌ನಲ್ಲಿ ಹುವಾವೇ ಸೇರಿ ಕೆಲವು ಫೋನುಗಳು ಗೂಗಲ್ ಆ್ಯಪನ್ನೇ ಟ್ರೋಜನ್ (ವೇಷ ಮರೆಸಿಕೊಂಡ ಕುತಂತ್ರಾಂಶ) ಎಂದು ತೋರಿಸಿ ಅಳಿಸಲು ಹೇಳಿದವು. ಅದು ಪ್ಲೇ ಪ್ರೊಟೆಕ್ಟ್‌ನ ಎಚ್ಚರಿಕೆಯಲ್ಲ ಎಂದು ಗೂಗಲ್ ಸ್ಪಷ್ಟಪಡಿಸಿತು. ಸಂಶಯ ಬಂದಾಗ ಎಚ್ಚರಿಕೆ ಕೊಟ್ಟ ಆ್ಯಪ್ ಯಾವುದು, ಆರೋಪಿತ ಆ್ಯಪ್ ಬಂದ ದಾರಿ ಯಾವುದು, ಈ ಎರಡನ್ನು ನೋಡಿ ತೀರ್ಮಾನಿಸಿ.

ಆಫೀಸಿನ ವರ್ಕ್ ಪ್ರೊಫೈಲ್ (ಕೆಲಸದ ಆ್ಯಪ್‌ಗಳಿಗೆ ಬೇರ್ಪಡಿಸಿದ ಭಾಗ) ಇದ್ದರೆ ಆ ಭಾಗದ ಆ್ಯಪ್‌ಗಳನ್ನು ಕಂಪನಿಯವರು ದೂರದಿಂದ ಅಳಿಸಬಲ್ಲರು, ಅದು ದೋಷವಲ್ಲ. ಕಂತಿನಲ್ಲಿ ಕೊಂಡ ಫೋನಿನಲ್ಲಿ ಸಾಲ ಕೊಟ್ಟವರ ಲಾಕ್ ಆ್ಯಪ್ ಇರಬಹುದು, ಅದೂ ಅನ್‌ಇನ್‌ಸ್ಟಾಲ್ ಆಗದು. ಕೊಳ್ಳುವಾಗ ಸಹಿ ಮಾಡಿದ ಕಾಗದ ನೋಡಿ.

ಊರಲ್ಲಿರುವ ಅಪ್ಪ ಅಮ್ಮನ ಫೋನನ್ನು ನೀವು ದೂರದಿಂದ ಸರಿಮಾಡುವುದಾದರೆ

ಪರದೆ ಹಂಚಿಕೊಳ್ಳುವ ಆ್ಯಪ್ ಹಾಕಿಸಬೇಡಿ. ಸೋಂಕಿನ ಫೋನಿಗೆ ಇನ್ನೊಂದು ಬಾಗಿಲು ತೆರೆದಂತಾಗುತ್ತದೆ, ಅದಕ್ಕಿಂತ ಹೆಚ್ಚಾಗಿ ‘ಫೋನಲ್ಲಿ ಹೇಳಿದರೆ ಇಂಥ ಆ್ಯಪ್ ಹಾಕಿಕೊಳ್ಳಬಹುದು’ ಎಂಬ ಅಭ್ಯಾಸ ಬೀಳುತ್ತದೆ. ಪಕ್ಕದ ಮನೆಯವರ ಫೋನಿನಿಂದ ವಿಡಿಯೊ ಕರೆ ಮಾಡಿಸಿ, ಹಿಂದಿನ ಕ್ಯಾಮೆರಾದಲ್ಲಿ ಸೋಂಕಿನ ಫೋನಿನ ಪರದೆ ತೋರಿಸಲು ಹೇಳಿ, ಮೇಲಿನ ಹಂತಗಳನ್ನು ಒಂದೊಂದಾಗಿ ಮಾಡಿಸಿ.

ಎರಡು ಫೋನಿನಲ್ಲೂ ಒಂದೇ ಗೂಗಲ್ ಖಾತೆ ಇದ್ದರೆ, ಪ್ಲೇ ಸ್ಟೋರ್‌ನ ‘ಮ್ಯಾನೇಜ್ ಆ್ಯಪ್ಸ್ ಆ್ಯಂಡ್ ಡಿವೈಸ್’ ಪುಟದಲ್ಲಿ ಇನ್ನೊಂದು ಸಾಧನ ಆಯ್ದು ನೀವೇ ಅನ್‌ಇನ್‌ಸ್ಟಾಲ್ ಮಾಡಬಹುದು. ಪ್ಲೇ ಸ್ಟೋರ್‌ನಿಂದ ಬಂದವು ಮಾತ್ರ ಅಲ್ಲಿ ಸಿಗುತ್ತವೆ, ಎಪಿಕೆಯಿಂದ ಬಂದದ್ದು ಸಿಗದು. ಏನೂ ಕೈಗೂಡದಿದ್ದರೆ ಕಡೆಯ ದಾರಿ ಫೈಂಡ್ ಹಬ್‌ನಿಂದ ಫೋನನ್ನು ಪೂರ್ತಿ ಅಳಿಸುವುದು. ಅದಕ್ಕೆ ಆ ಫೋನು ಇಂಟರ್ನೆಟ್‌ಗೆ ಬರಬೇಕು, ಬಂದಾಗ ಕುತಂತ್ರಾಂಶಕ್ಕೂ ಸಂಪರ್ಕ ಸಿಗುತ್ತದೆ. ಆದ್ದರಿಂದ ಸಿಮ್ ಹೊರಗಿಟ್ಟು ವೈಫೈ ಮಾತ್ರ ಕೊಡಿಸಿ.

ಸರಿಯಾದ ಮೇಲೆ ಅವರ ಫೋನಿನಲ್ಲಿ ಹೊರಗಿನ ಎಪಿಕೆ ದಾರಿಯನ್ನೇ ಮುಚ್ಚಿ. ಹೊಸ ಸ್ಯಾಮ್‌ಸಂಗ್‌ಗಳಲ್ಲಿ ಆಟೊ ಬ್ಲಾಕರ್ ಆನ್ ಮಾಡಿ, ಆಂಡ್ರಾಯ್ಡ್ 16 ಇದ್ದರೆ ಅಡ್ವಾನ್ಸ್ಡ್ ಪ್ರೊಟೆಕ್ಷನ್ ಆನ್ ಮಾಡಿ. ಇವೆರಡೂ ಇಲ್ಲದ ಫೋನಿನಲ್ಲಿ ಹಂತ 5ರ ಅನುಮತಿಯನ್ನು ಎಲ್ಲ ಆ್ಯಪ್‌ಗಳಿಗೂ ಆಫ್ ಇಟ್ಟು, ವಾಟ್ಸ್‌ಆ್ಯಪ್‌ನ ಸ್ಟೋರೇಜ್ ಆ್ಯಂಡ್ ಡೇಟಾ ಪುಟದಲ್ಲಿ ಡಾಕ್ಯುಮೆಂಟ್‌ಗಳು ತಾನಾಗಿ ಇಳಿಯುವುದನ್ನು ನಿಲ್ಲಿಸಿ.